ಚಿಕ್ಕ ಬೆಂಕಿಯ ಚೆಂಗಮ್ಮ

ಚೆಂಗಮ್ಮನವರಿಗೆ ಎಡಗಡೆಯ ಹುಬ್ಬು ಇರಲಿಲ್ಲ. ಉರಿಯ ಮುಂದೆ ಬಗ್ಗಿ ಕೂತು ಕೂತು ಅದು ಸುಟ್ಟುಹೋಗಿ, ಕೊನೆಗೆ ಬೆಳೆಯುವುದನ್ನೇ ಬಿಟ್ಟುಬಿಟ್ಟಿತ್ತು. ಎಡಗಡೆಯದು ಎಂದು ನನ್ನ ನೆನಪು. ಅಮ್ಮ ಬಲಗಡೆಯದು ಅನ್ನುತ್ತಾರೆ. ಅಪ್ಪನ ಕೊನೆಯ ತಂಗಿ ಜಯತ್ತೆಯ ಮದುವೆಯ ಫೋಟೊ ಒಂದರಲ್ಲಿ ಚೆಂಗಮ್ಮ ಹಿಂದಿನ ಸಾಲಿನಲ್ಲಿ ನಿಂತಿದ್ದಾರೆ. ಫ್ಲ್ಯಾಶ್ ಬಿದ್ದ ಹೊತ್ತಿಗೆ ಸರಿಯಾಗಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿರುವುದರಿಂದ ಆ ಫೋಟೊ ಯಾರ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ.

ನಾನು ಹೈಸ್ಕೂಲಿನಿಂದ ದಿನಚರಿ ಬರೆಯುತ್ತಾ ಬಂದವಳು. ಚೆಂಗಮ್ಮ ನಮ್ಮ ಹಿತ್ತಿಲಿನಲ್ಲಿದ್ದ ವರ್ಷಗಳ ದಿನಚರಿಗಳು ಇನ್ನೂ ನನ್ನ ಬಳಿ ಇವೆ. ತೆಗೆದು ನೋಡಿದರೆ ಪರೀಕ್ಷೆಯ ವೇಳಾಪಟ್ಟಿ, ಓದಿದ ಪುಸ್ತಕಗಳ ಮೇಲೆ ನನ್ನ ಗಂಭೀರ ತೀರ್ಪುಗಳು, ಇತಿಹಾಸದ ಮೇಷ್ಟರ ಮೇಲಿನ ಸಿಟ್ಟು, ಇವು ಪುಟಗಟ್ಟಲೆ ಇವೆ. ಇಪ್ಪತ್ತು ಹೆಜ್ಜೆ ದೂರದಲ್ಲಿ ದಿನಾ ಗಾಜು ಕರಗಿಸುತ್ತಿದ್ದ ಹೆಂಗಸಿನ ಬಗ್ಗೆ ಎಲ್ಲ ಸೇರಿ ಎಂಟು ಸಾಲು. ಹಾಗಾಗಿ ಕೆಳಗಿನದೆಲ್ಲ ನೆನಪಿನಿಂದ ಬರೆದದ್ದು. ಒಂದು ಹುಬ್ಬಿನ ವಿಷಯದಲ್ಲೇ ಅಮ್ಮನಿಗೂ ನನಗೂ ಒಮ್ಮತವಿಲ್ಲ ಎನ್ನುವುದನ್ನು ಓದುವವರು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ಮನೆ ಇದ್ದದ್ದು ಕೃಷ್ಣರಾಜಪುರದ ಸಂತೆಯ ಹಿಂದಿನ ಬೀದಿಯಲ್ಲಿ. ತಾತನ ಕಾಲದವರೆಗೂ ರಾಗಿ, ಹೂಕೋಸು ಬೆಳೆದವರು. ಹೊಲ ಸೈಟುಗಳಾಯಿತು, ಅಪ್ಪ ಕಾರ್ಖಾನೆಗೆ ಸೇರಿದರು, ಕೊನೆಯ ಎರಡು ಹಸುಗಳನ್ನೂ ಮಾರಿದ ಮೇಲೆ ಹಿತ್ತಿಲಿನ ಕೊಟ್ಟಿಗೆ ಖಾಲಿ ಬಿತ್ತು. ನಾನು ಪಿಯುಸಿಯಲ್ಲಿದ್ದಾಗ ಒಂದು ಬೆಳಿಗ್ಗೆ ಚೆಂಗಮ್ಮ ಬಂದು ಆ ಕೊಟ್ಟಿಗೆಯನ್ನು ಬಾಡಿಗೆಗೆ ಕೇಳಿದರು. ಚಿತ್ತೂರಿನ ಕಡೆಯವರು. ವಯಸ್ಸು ಐವತ್ತರ ಹತ್ತಿರ. ಗಂಡ ತೀರಿಕೊಂಡಿದ್ದರು.

"ಬೆಂಕಿ ಕೆಲ್ಸ ಅಂದ್ರೆ ಯಾರೂ ಮನೆ ಕೊಡಲ್ಲ ಸಾಮಿ," ಅಂದರು.

"ಕಲ್ಲಿನ ಗೋಡೆ, ಮೇಲೆ ಶೀಟು. ಸುಟ್ಟುಹೋಗೋಕೆ ಏನಿದೆ ಅಲ್ಲಿ?" ಅಂದರು ಅಪ್ಪ. "ಸಗಣಿ ವಾಸನೆ ಒಂದಿದೆ. ಅದು ಸುಟ್ಟುಹೋದ್ರೆ ನಮ್ಗೂ ಒಳ್ಳೇದೇ."

ಆಗ ಅದೇ ಬೀದಿಯ ಸುತ್ತಮುತ್ತ ಅವರ ಊರಿನವರದೇ ಇನ್ನೆರಡು ಮನೆಗಳಿದ್ದವು. ಒಂದು ಚೆಂಗಮ್ಮನವರ ನಾದಿನಿ ರಮಣಮ್ಮನದು. ಮೂರೂ ಮನೆಗಳಲ್ಲಿ ಗಾಜಿನ ಮಣಿ ಮಾಡುತ್ತಿದ್ದರು. ಅವರ ಊರಿನಲ್ಲಿ ಮನೆಯಷ್ಟು ದೊಡ್ಡ ಕುಲುಮೆ ಇತ್ತಂತೆ. ಕರಗಿದ ಗಾಜನ್ನು ಗಂಡಸರು ನೂಲಿನ ಹಾಗೆ ಮಾರುಗಟ್ಟಲೆ ಎಳೆಯುತ್ತಿದ್ದರು. ಅದನ್ನು ಕತ್ತರಿಸುವುದು, ಜರಡಿ ಹಿಡಿಯುವುದು, ಪೋಣಿಸುವುದು ಹೆಂಗಸರ ಪಾಲು. ಕುಲುಮೆಯ ಹತ್ತಿರ ಹೆಂಗಸರು ಹೋಗುವ ಹಾಗಿರಲಿಲ್ಲ. ಕುಲುಮೆ ನಿಂತುಹೋಗಿ ಊರು ಬಿಟ್ಟ ಮೇಲೆ, ಇಲ್ಲಿ ಸೀಮೆಎಣ್ಣೆಯ ದೀಪವೊಂದಕ್ಕೆ ಕಾಲಿನಿಂದ ತಿದಿ ಒತ್ತಿ ಗಾಳಿ ಕೊಟ್ಟು, ಆ ಉರಿಯಲ್ಲೇ ಒಂದೊಂದೇ ಮಣಿ ಸುತ್ತುವುದನ್ನು ಹೆಂಗಸರು ಕಲಿತುಕೊಂಡರು.

"ದೊಡ್ಡ ಬೆಂಕಿ ಗಂಡಸ್ರುದು. ಆರಿಹೋಯ್ತು," ಅನ್ನುತ್ತಿದ್ದರು ಚೆಂಗಮ್ಮ. "ಚಿಕ್ಕ ಬೆಂಕಿ ನಮ್ದು. ಇನ್ನೂ ಉರೀತಾ ಐತೆ ನೋಡು."

ಅವರ ಕೆಲಸ ಶುರುವಾಗುತ್ತಿದ್ದದ್ದು ಬೆಳಿಗ್ಗೆ, ಗಾಳಿ ಏಳುವ ಮೊದಲು. ಕಿಟಕಿಗೆ ಗೋಣಿಚೀಲ ಕಟ್ಟಿ, ಬಾಗಿಲು ಅರ್ಧ ಮುಚ್ಚಿ ಕೂರುತ್ತಿದ್ದರು. ಹಳೆಯ ಸೈಕಲ್ ಚಕ್ರದ ಕಡ್ಡಿಗಳನ್ನು ಕೆರೆಯ ಜೇಡಿಮಣ್ಣಿನ ನೀರಿನಲ್ಲಿ ಅದ್ದಿ ಒಣಗಿಸಿ ಇಟ್ಟಿರುತ್ತಿದ್ದರು. ಮಣ್ಣು ಬಳಿಯದಿದ್ದರೆ ಗಾಜು ಕಬ್ಬಿಣಕ್ಕೆ ಅಂಟಿಕೊಂಡು ಬರುವುದೇ ಇಲ್ಲ. ಎಡಗೈಯಲ್ಲಿ ಆ ಕಡ್ಡಿ, ಬಲಗೈಯಲ್ಲಿ ಗಾಜಿನ ಕಡ್ಡಿ. ಗಾಜಿನ ತುದಿ ಉರಿಯಲ್ಲಿ ಜೇನುತುಪ್ಪದ ಹಾಗೆ ಇಳಿಯತೊಡಗಿದಾಗ ಕಬ್ಬಿಣದ ಕಡ್ಡಿಯನ್ನು ತಿರುಗಿಸುತ್ತಾ ಅದರ ಮೇಲೆ ಸುತ್ತಿಕೊಳ್ಳುತ್ತಿದ್ದರು. ಕರಿಮಣಿಯಾದರೆ ಒಂದು ಕಡ್ಡಿಗೆ ಏಳೆಂಟು. ದಿನದ ಮೊದಲ ಮಣಿಯನ್ನು ಮಾತ್ರ ಉಳಿಸುತ್ತಿರಲಿಲ್ಲ. ಮಾಡಿದ್ದನ್ನು ಅಲ್ಲೇ ಮತ್ತೆ ಉರಿಗೆ ಹಿಡಿದು ಕರಗಿಸಿಬಿಡುತ್ತಿದ್ದರು. ಬೆಂಕಿಯ ಪಾಲು ಬೆಂಕಿಗೆ ಕೊಡದಿದ್ದರೆ ಅದು ಆಮೇಲೆ ತಾನೇ ಕಿತ್ತುಕೊಳ್ಳುತ್ತದೆ ಎಂದು ಅವರ ನಂಬಿಕೆ.

ಮಣಿ ಮಾಡುವುದು ಅರ್ಧ ಕೆಲಸ ಅಷ್ಟೇ. ಉಳಿದರ್ಧ ಅದನ್ನು ತಣಿಸುವುದು. ಮಾಡಿದ ಮಣಿಯನ್ನು ಕಡ್ಡಿಯ ಸಮೇತ ಬಿಸಿ ಬೂದಿಯ ಮಡಕೆಯಲ್ಲಿ ಹೂಳಿಡಬೇಕು. ಮಾರನೆಯ ದಿನ ತೆಗೆದು, ಕಡ್ಡಿಯಿಂದ ಬಿಡಿಸಿ, ನೀರು ತುಂಬಿದ ಉಪ್ಪಿನಕಾಯಿ ಬಾಟಲಿಯಲ್ಲಿ ಹಾಕಿ ಕಿಟಕಿಯಲ್ಲಿಡಬೇಕು. ಒಂಬತ್ತು ದಿನ.

"ಗಾಜಿಗೆ ಹೆದ್ರಿಕೆ ಜಾಸ್ತಿ ಪಾಪಾ," ಎಂದು ನನಗೆ ಹೇಳುತ್ತಿದ್ದರು. ನಾನು ಎಂ.ಎ. ಮುಗಿಸಿದ ಮೇಲೂ ಅವರಿಗೆ ಪಾಪಾನೇ. "ಹೊಸ ಸೊಸೆ ಇದ್ದಂಗೆ. ಮೆಲ್ಲಗೆ ಒಳಗೆ ಕರ್ಕೋಬೇಕು, ಇನ್ನೂ ಮೆಲ್ಲಗೆ ಕೂರಿಸ್ಬೇಕು. ಆತುರ ಮಾಡಿದ್ರೆ ಅವತ್ತು ಸುಮ್ಕಿದ್ದು ನಾಲ್ಕು ದಿನ ಬಿಟ್ಟು ಒಡೀತದೆ."

ಆ ಒಂಬತ್ತು ದಿನಗಳಲ್ಲಿ ಬಾಟಲಿಯ ಒಳಗಿನಿಂದ ಆಗಾಗ ಟಿಕ್ ಎಂದು ಸಣ್ಣ ಸದ್ದು ಬರುತ್ತಿತ್ತು. ನಮಗೆ ಕೇಳಿಸುತ್ತಿರಲಿಲ್ಲ. ಚೆಂಗಮ್ಮ ಗೇಟಿನ ಹತ್ತಿರ ಸೊಪ್ಪಿನವನ ಜೊತೆ ಜಗಳವಾಡುತ್ತಿದ್ದರೂ ಮಾತು ನಿಲ್ಲಿಸಿ, "ಹೋಯ್ತು ಒಂದು," ಎಂದು ಹೇಳಿ ಜಗಳ ಮುಂದುವರಿಸುತ್ತಿದ್ದರು. ಹೋಗಿ ನೋಡಿದರೆ ನಿಜಕ್ಕೂ ಒಂದು ಬಿರುಕು ಬಿಟ್ಟಿರುತ್ತಿತ್ತು. ಪ್ರತಿ ಸಲವೂ ಹಾಗೇ ಇತ್ತೇ, ಅಥವಾ ಸರಿಯಾದ ಸಲಗಳು ಮಾತ್ರ ನನ್ನ ನೆನಪಿನಲ್ಲಿ ಉಳಿದಿವೆಯೇ ಎನ್ನುವುದನ್ನು ನಾನು ಹೇಳಲಾರೆ.

ಬಿ.ಎ. ಓದುವಾಗ ಕಾಲೇಜಿನ ಗ್ರಂಥಾಲಯದಿಂದ ಹಳೆಯ ಕಾಲದ ಮಣಿಗಳ ಬಗ್ಗೆ ಒಂದು ಪುಸ್ತಕ ತಂದು ಅವರಿಗೆ ಚಿತ್ರಗಳನ್ನು ತೋರಿಸಿದ್ದೆ. ದಕ್ಷಿಣದ ಗಾಜಿನ ಮಣಿಗಳು ಎಷ್ಟೋ ಶತಮಾನಗಳ ಹಿಂದೆಯೇ ಹಡಗಿನಲ್ಲಿ ಸಮುದ್ರ ದಾಟಿದ್ದವು, ಈಗಲೂ ಅಲ್ಲಿ ನೆಲ ಅಗೆದರೆ ಸಿಗುತ್ತವೆ ಎಂದು ಭಾಷಣ ಮಾಡಿದೆ. ಅವರು ಹೆಮ್ಮೆಪಡಲಿ ಎಂದು ನನ್ನ ಆಸೆ.

"ಒಡೆದಿಲ್ವಾ?" ಅಂದರು.

"ಇಲ್ಲ ಅಕ್ಕ. ಹಂಗೇ ಇವೆ. ಮ್ಯೂಸಿಯಮ್ಮಲ್ಲಿ ಇಟ್ಟಿದಾರೆ."

"ಹಂಗಾದ್ರೆ ಬೂದೀಲಿ ಚೆನ್ನಾಗಿ ಇಟ್ಟಿದ್ರು," ಎಂದು ಹೇಳಿ ಪುಸ್ತಕ ಮುಚ್ಚಿ ಕೊಟ್ಟರು.

ಹದಿನೈದು ದಿನಕ್ಕೊಮ್ಮೆ ಅವರು ಮಣಿ ತೆಗೆದುಕೊಂಡು ಶಿವಾಜಿನಗರಕ್ಕೆ ಹೋಗುತ್ತಿದ್ದರು. ನನ್ನ ಕಾಲೇಜೂ ಆ ಕಡೆಗೇ ಇದ್ದುದರಿಂದ ಎಷ್ಟೋ ಸಲ ಒಂದೇ ಬಸ್ಸು. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಗೌಸ್ ಭಾಯ್ ಅವರ ಅಂಗಡಿ, ನಾಲ್ಕು ಗಿರಾಕಿ ಕೂತರೆ ಐದನೆಯವರಿಗೆ ಜಾಗವಿಲ್ಲ. ನಮ್ಮವರು ತಾಳಿಗೆ ಕರಿಮಣಿ ಕೊಳ್ಳುತ್ತಿದ್ದದ್ದು ಅಲ್ಲೇ, ಮುಸ್ಲಿಂ ಮದುವಣಗಿತ್ತಿಯರ ಕೊರಳಿನ ಕರಿಮಣಿಯ ಲಚ್ಚಕ್ಕೆ ಅವರ ಮನೆಯವರು ಮಣಿ ಆರಿಸುತ್ತಿದ್ದದ್ದೂ ಅಲ್ಲೇ. ಗೌಸ್ ಭಾಯ್ ಇಬ್ಬರಿಗೂ ಒಂದೇ ಡಬ್ಬಿಯಿಂದ ಅಳೆದು ಕೊಡುತ್ತಿದ್ದರು.

ಒಂದು ದಿನ ನಾವು ಅಲ್ಲಿ ಕೂತಿದ್ದಾಗ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಲಚ್ಚಕ್ಕೆ ಮಣಿ ನೋಡಲು ಬಂದರು. ಗೌಸ್ ಭಾಯ್ ಒಂದು ಬಟ್ಟಲು ಮಣಿ ಸುರಿದು, "ಎಲ್ಲ ಕೈಯಲ್ಲಿ ಮಾಡಿದ್ದು ಅಮ್ಮಾ. ನೋಡಿ, ಮಾಡೋರೇ ಇಲ್ಲಿ ಕೂತಿದಾರೆ," ಎಂದು ಚೆಂಗಮ್ಮನವರತ್ತ ಕೈ ತೋರಿಸಿದರು.

ಚೆಂಗಮ್ಮ ಬಗ್ಗಿ ಬಟ್ಟಲನ್ನು ನೋಡಿದರು. "ಇದ್ರಾಗೆ ಅರ್ಧ ನಂದಲ್ಲ. ಮಿಷನ್ನಿಂದು."

"ಯಾ ಅಲ್ಲಾ!" ಗೌಸ್ ಭಾಯ್ ಹಣೆ ಹಿಡಿದುಕೊಂಡರು. "ನೀನಾದ್ರೂ ಹೇಳಮ್ಮ ಇವ್ರಿಗೆ, ಓದಿದೋಳು. ಇವ್ರನ್ನ ಅಂಗ್ಡೀಲಿ ಕೂರಿಸ್ಕೊಂಡ್ರೆ ನಾನು ಹೋಗಿ ಮಸೀದಿ ಮುಂದೆ ಕೂರ್ಬೇಕಾಗತ್ತೆ!"

"ಕೂತ್ಕೊ. ನೆರಳೈತೆ," ಅಂದರು ಚೆಂಗಮ್ಮ.

ಹುಡುಗಿಗೆ ನಗು ತಡೆಯಲಾಗಲಿಲ್ಲ. ಆ ತಾಯಿ ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಕೈಮಣಿ ಯಾವುದು, ಮಿಷನ್ ಮಣಿ ಯಾವುದು ಎಂದು ಚೆಂಗಮ್ಮನವರನ್ನೇ ಕೇಳಿ ಒಂದೊಂದನ್ನೂ ಆರಿಸಿಕೊಂಡು, ಮುಕ್ಕಾಲು ಗಂಟೆ ಕೂತು, ಬೇಕಾದಷ್ಟು ತೆಗೆದುಕೊಂಡು ಹೋದರು. ಬಸ್ಸಿನಲ್ಲಿ ಬರುವಾಗ ನಾನು, "ಸುಮ್ನಿದ್ದಿದ್ರೆ ಏನಾಗ್ತಿತ್ತು ಅಕ್ಕ?" ಎಂದು ಕೇಳಿದೆ. "ಮಣಿ ವಿಷ್ಯದಾಗೆ ನಂಗೆ ಸುಳ್ಳು ಬರಲ್ಲ ಪಾಪಾ. ಬೇರೆ ವಿಷ್ಯಕ್ಕೆ ಬೇಕಾದ್ರೆ ಕೇಳು, ಎಷ್ಟು ಬೇಕಾದ್ರೂ ಹೇಳ್ತೀನಿ," ಅಂದರು. ಈ ಮಾತು ನನ್ನ ದಿನಚರಿಯ ಎಂಟು ಸಾಲುಗಳಲ್ಲಿ ಒಂದು. ಆದ್ದರಿಂದ ಇದನ್ನು ಧೈರ್ಯವಾಗಿ ಉದ್ಧರಿಸುತ್ತಿದ್ದೇನೆ.

ಇನ್ನು ಜಯತ್ತೆಯ ವಿಷಯ. ಅವರು ನನಗಿಂತ ಐದು ವರ್ಷ ದೊಡ್ಡವರು, ಇಂದಿರಾನಗರದ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದರು. ಅವರು ಹೈಸ್ಕೂಲಿನಲ್ಲಿದ್ದಾಗಲೇ ಅಜ್ಜಿ, ಅಂದರೆ ಅವರ ತಾಯಿ, ತೀರಿಕೊಂಡಿದ್ದರು. ಅಜ್ಜಿಯದು ಎಂದು ಮನೆಯಲ್ಲಿ ಉಳಿದಿದ್ದ ವಸ್ತು ಒಂದೇ, ಹಾಲಿನಷ್ಟು ಬಿಳಿಯ, ಅಂಚಿಗೆ ನೀಲಿ ಗೆರೆಯಿದ್ದ ಒಂದು ಗಾಜಿನ ಬಟ್ಟಲು. ಅಜ್ಜಿ ಮೊಸರನ್ನ ತಿನ್ನುತ್ತಿದ್ದದ್ದು ಅದರಲ್ಲಿ. ಆಮೇಲೆ ಜಯತ್ತೆ ಅದರಲ್ಲೇ ತಿನ್ನುತ್ತಿದ್ದರು, ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಅದನ್ನು ತೊಳೆಯುವಾಗ ಕೈಜಾರಿ ಒಡೆದವಳು ನಾನು. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಜಯತ್ತೆ ಬೈಯಲಿಲ್ಲ. ಚೂರುಗಳನ್ನು ಆರಿಸಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟುಕೊಂಡರು. ಹತ್ತು ದಿನ ನನ್ನ ಜೊತೆ ಮಾತಾಡಲಿಲ್ಲ.

ಮಾರನೆಯ ವರ್ಷ ಅವರ ಮದುವೆ ಗೊತ್ತಾಯಿತು. ನಮ್ಮ ಮನೆತನದಲ್ಲಿ ತಾಳಿಯ ಎರಡೂ ಪಕ್ಕದಲ್ಲಿ ಕಡಲೆಕಾಳಿನ ಗಾತ್ರದ ಒಂದೊಂದು ಕರಿಮಣಿ ಪೋಣಿಸುತ್ತಾರೆ. ಆ ಮಣಿಯ ಮೇಲೆ ಒಂದು ಬಿಳಿ ಬೊಟ್ಟು ಇರುತ್ತದೆ. ದೃಷ್ಟಿ ತಾಗದಿರಲಿ ಎಂದು. ಕಣ್ಣುಮಣಿ ಅನ್ನುತ್ತೇವೆ. ಪ್ರತಿ ಮದುವೆಗೂ ಹೊಸ ಜೊತೆ, ಒಬ್ಬರದು ಇನ್ನೊಬ್ಬರಿಗೆ ಬರುವ ಹಾಗಿಲ್ಲ. ಅಜ್ಜಿಯ ಕಣ್ಣುಮಣಿಗಳು ಅಜ್ಜಿಯ ಸಂಗಡವೇ ಹೋಗಿದ್ದವು. ಈ ಸಲ ಚೆಂಗಮ್ಮ ಹಿತ್ತಿಲಿನಲ್ಲೇ ಇದ್ದಾರೆ, ಅವರೇ ಮಾಡಲಿ ಎಂದು ಅಪ್ಪ ಹೇಳಿದರು. ಅವತ್ತು ಸಂಜೆ ಜಯತ್ತೆ ಬಿಸ್ಕತ್ತಿನ ಡಬ್ಬಿಯಿಂದ ಒಂದು ಚೂರನ್ನು ಕರ್ಚೀಫಿನಲ್ಲಿ ಸುತ್ತಿ, "ಬಾರೇ ಮಂಜಿ," ಎಂದು ನನ್ನನ್ನೂ ಕರೆದುಕೊಂಡು ಕೊಟ್ಟಿಗೆಗೆ ಹೋದರು.

"ಅಕ್ಕ, ಬಿಳಿ ಬೊಟ್ಟಿಗೆ ಈ ಗಾಜು ಹಾಕ್ತೀರಾ? ನಮ್ಮಮ್ಮನ ಬಟ್ಲುದು."

ಚೆಂಗಮ್ಮ ಚೂರನ್ನು ಬೆಳಕಿಗೆ ಹಿಡಿದರು, ಉಗುರಿನಿಂದ ಬಡಿದು ಕಿವಿಗೆ ಹಿಡಿದರು. "ಆಗಲ್ಲ ತಲ್ಲಿ," ಅಂದರು. "ಇದು ಬೇರೆ ಗಾಜು, ನನ್ನ ಕರೀದು ಬೇರೆ. ಉರೀಲಿ ಇದ್ದಾಗ ಇಬ್ರೂ ಸ್ನೇಹವಾಗೇ ಇರ್ತಾರೆ. ತಣ್ಣಗಾಗೋವಾಗ ಒಂದು ಬೇಗ ಕುಗ್ತದೆ, ಇನ್ನೊಂದು ನಿಧಾನ. ಜಗಳ ಬೀಳ್ತದೆ. ಒಡೀತದೆ."

"ಒಂದ್ಸಲ ಮಾಡಿ ನೋಡಿ ಅಕ್ಕ."

"ಕೊರಳಾಗೆ ಒಡೆದ್ರೆ?"

ತಾಳಿಯಲ್ಲಿ ಮಣಿ ಒಡೆದರೆ ನಮ್ಮಲ್ಲಿ ಅದು ಒಡೆದ ಮಣಿಯಾಗಿ ಉಳಿಯುವುದಿಲ್ಲ. ಗಂಡನಿಗೆ ಜ್ವರ ಬಂದರೂ, ಗಂಡನ ಮನೆಯ ಹಸು ಕರು ಹಾಕದಿದ್ದರೂ ಅದನ್ನೇ ತೋರಿಸುತ್ತಾರೆ. ಇದು ಜಯತ್ತೆಗೂ ಗೊತ್ತಿತ್ತು, ಚೆಂಗಮ್ಮನವರಿಗೂ ಗೊತ್ತಿತ್ತು.

"ಆಯ್ತು," ಅಂದರು ಚೆಂಗಮ್ಮ. "ಒಡೆಯೋದಾದ್ರೆ ನನ್ನ ಕಿಟಕೀಲಿ ಒಡೀಲಿ. ಒಂಬತ್ತು ದಿನ ನಿಂತ್ರೆ ಕೊಡ್ತೀನಿ. ಇಲ್ದಿದ್ರೆ ಇಲ್ಲ. ಅತ್ರೂ ಕೊಡಲ್ಲ."

ಆ ಮೊದಲ ಜೊತೆಯನ್ನು ಮಾಡುವಾಗ ನಾವಿಬ್ಬರೂ ಪಕ್ಕದಲ್ಲೇ ಇದ್ದೆವು. ಚಿಮಟದಲ್ಲಿ ಹಿಡಿದ ಅಜ್ಜಿಯ ಬಟ್ಟಲಿನ ಚೂರು ಉರಿಯಲ್ಲಿ ಕೆಂಪಾಗಿ, ಕಡ್ಡಿಯ ತುದಿಗೆ ಎಳೆಯಾಗಿ ಬಂದು, ಕಪ್ಪು ಮಣಿಯ ಮೇಲೆ ಚುಕ್ಕಿಯಾಗಿ ಕೂತಿತು. ಚೆನ್ನಾಗಿಯೂ ಕಾಣುತ್ತಿತ್ತು. ಬಾಟಲಿಗೆ ಹಾಕಿದ ಆರನೆಯ ದಿನ ಒಂದು ಒಡೆಯಿತು, ಏಳನೆಯ ದಿನ ಇನ್ನೊಂದು. ಬೊಟ್ಟಿನ ಸುತ್ತ ಉಂಗುರದ ಹಾಗೆ ಬಿರುಕು. ಚೆಂಗಮ್ಮ ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಬಂದು ಜಯತ್ತೆಗೆ ತೋರಿಸಿದರು. "ನನ್ನ ಬಿಳೀನೇ ಹಾಕ್ಲಾ?" ಎಂದು ಕೇಳಿದರು.

"ಇನ್ನೊಂದ್ಸಲ," ಅಂದರು ಜಯತ್ತೆ. ಮದುವೆಗೆ ಇನ್ನು ಮೂರು ವಾರ ಇತ್ತು.

ಅವತ್ತು ಸಂಜೆ ನಾವು ಎರಡನೆಯ ಸಲ ಡಬ್ಬಿ ತೆಗೆದು, ಅದೇ ಕರ್ಚೀಫಿನಲ್ಲಿ ಸುತ್ತಿಕೊಂಡು ಹೋಗಿ ಕೊಟ್ಟೆವು. ಚೆಂಗಮ್ಮ ಗಂಟನ್ನು ಬಿಚ್ಚಿಯೂ ನೋಡದೆ ಗೋಡೆಯ ಗೂಡಿನಲ್ಲಿಟ್ಟರು. "ಬೊಟ್ಟು ಸಣ್ಣದು ಮಾಡ್ತೀನಿ. ಬೊಟ್ಟು ಸಣ್ಣದಾದ್ರೆ ಜಗಳಾನೂ ಸಣ್ಣದು. ಬೂದೀಲಿ ಮೂರು ದಿನ ಇಡ್ತೀನಿ," ಅಂದರು. ಮಾರನೆಯ ಬೆಳಿಗ್ಗೆ ನಾವು ಹೋದಾಗ ಮಾತ್ರ ಒಳಗೆ ಬಿಡಲಿಲ್ಲ. "ಆಚೆ ಇರಿ ಇಬ್ರೂ. ನಿಮ್ಮ ಉಸಿರಿಗೂ ಉರಿ ಅಲ್ಲಾಡ್ತದೆ." ಅಲ್ಲಿಯವರೆಗೆ ನನ್ನ ಉಸಿರು ಅವರ ಉರಿಗೆ ಎಂದೂ ಅಡ್ಡಿಯಾಗಿರಲಿಲ್ಲ. ಆಗ ನನಗೆ ಇದು ಹೊಳೆಯಲಿಲ್ಲ.

ಮೂರು ದಿನ ಬೂದಿಯ ಮಡಕೆ ತಣ್ಣಗಾಗದಂತೆ ಕೆಂಡ ಬದಲಿಸುತ್ತಿದ್ದರು. ಆಮೇಲೆ ಬಾಟಲಿ. ಜಯತ್ತೆ ಆಫೀಸಿಗೆ ಹೋಗುವ ಮೊದಲು ಒಂದು ಸಲ, ಬಂದ ಮೇಲೆ ಒಂದು ಸಲ ಕಿಟಕಿಗೆ ಹೋಗಿ ನೋಡುತ್ತಿದ್ದರು. ಏಳು, ಎಂಟು, ಒಂಬತ್ತು. ಏನೂ ಆಗಲಿಲ್ಲ. ಹತ್ತನೆಯ ಬೆಳಿಗ್ಗೆ ಚೆಂಗಮ್ಮ ತಲೆಗೆ ಸ್ನಾನ ಮಾಡಿ, ಎಲೆಯಲ್ಲಿ ಅರಿಶಿನ ಕುಂಕುಮದ ಜೊತೆ ಎರಡು ಮಣಿಗಳನ್ನಿಟ್ಟು ತಂದು ಜಯತ್ತೆಯ ಕೈಗೆ ಕೊಟ್ಟರು. "ಇದು ಒಡೆಯಲ್ಲ ತಲ್ಲಿ. ಧೈರ್ಯವಾಗಿ ಹಾಕ್ಕೋ," ಅಂದರು. "ನಿಮ್ಮಮ್ಮ ಜೊತೇಲಿರ್ತಾರೆ" ಎಂಬ ಮಾತೂ ಅಲ್ಲಿ ಬಂದಿತ್ತು. ಅದನ್ನು ಹೇಳಿದವರು ಚೆಂಗಮ್ಮನೋ, ಪಕ್ಕದಲ್ಲಿದ್ದ ಅಮ್ಮನೋ, ನನಗೆ ಗೊತ್ತಿಲ್ಲ. ಹನ್ನೆರಡು ವರ್ಷಗಳಿಂದ ಆ ಬೆಳಗನ್ನು ಎಷ್ಟು ಸಲ ನೆನೆಸಿಕೊಂಡಿದ್ದೇನೆಂದರೆ, ಈಗ ಆ ಮಾತು ನನಗೆ ಇಬ್ಬರ ದನಿಯಲ್ಲೂ ಕೇಳಿಸುತ್ತದೆ.

ಹಲಸೂರಿನ ಒಂದು ಛತ್ರದಲ್ಲಿ ಮದುವೆಯಾಯಿತು. ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬರು ತಾಳಿಯನ್ನು ಹಿಡಿದು ನೋಡಿ, "ಬೊಟ್ಟು ಎಷ್ಟು ಸಣ್ಣಕ್ಕಿದೆಯಲ್ಲ," ಅಂದರು. "ನಮ್ಮಮ್ಮಂದು," ಅಂದರು ಜಯತ್ತೆ. ಅವರ ಮುಖ ಅವತ್ತು ಹೇಗಿತ್ತು ಎನ್ನುವುದನ್ನು ನೋಡಲು ನನಗೆ ಫೋಟೊ ಬೇಕಾಗಿಲ್ಲ. ಬಟ್ಟಲು ಒಡೆದ ದಿನದಿಂದ ನನ್ನ ಎದೆಯ ಮೇಲಿದ್ದ ಭಾರ ಅವತ್ತು ಇಳಿಯಿತು.

ಆಮೇಲಿನ ವರ್ಷಗಳಲ್ಲಿ ಕೈಮಣಿ ಕೇಳುವವರು ಕಡಿಮೆಯಾದರು. ಎಲ್ಲೆಲ್ಲೂ ಮಿಷನ್ ಮಣಿಯೇ ಆಯಿತು, ಅದರ ಹಿಂದೆಯೇ ಪ್ಲಾಸ್ಟಿಕ್ ಬಂತು. ಮೂರನೆಯ ಮನೆಯವರು ಊರಿಗೆ ವಾಪಸು ಹೋದರು. ರಮಣಮ್ಮ ಹೊರಮಾವಿನಲ್ಲಿ ಹೊಸದಾಗಿ ಎದ್ದ ಅಪಾರ್ಟ್‌ಮೆಂಟಿನಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿ, ಅಲ್ಲೇ ಹತ್ತಿರ ಮನೆ ಮಾಡಿದರು. ಸ್ಟೇಷನ್ನಿನ ಹತ್ತಿರ ತೂಗುಸೇತುವೆ ಕಟ್ಟುತ್ತಿದ್ದ ಕಾಲದಲ್ಲಿ ಅಪ್ಪ ಕೊಟ್ಟಿಗೆ ಕೆಡವಿ ಅಲ್ಲಿ ಮೂರಂತಸ್ತಿನ ಮನೆ ಎಬ್ಬಿಸಲು ನಿರ್ಧರಿಸಿದರು. ಚೆಂಗಮ್ಮನವರಿಗೆ ಹೇಳುವುದಕ್ಕೆ ಅವರಿಗೆ ಒಂದು ವಾರ ಬೇಕಾಯಿತು. ಹೇಳಿದಾಗ ಚೆಂಗಮ್ಮ, "ಹಸು ಹೋದಂಗೆ ನಾನೂ ಹೋಗ್ಬೇಕಲ್ಲ ಸಾಮಿ," ಎಂದು ನಕ್ಕರು. ಅಪ್ಪ ನಗಲಿಲ್ಲ. ಸೈಕಲ್ ಕಡ್ಡಿಗಳನ್ನೂ ತಿದಿಯನ್ನೂ ಒಂದು ಚೀಲಕ್ಕೆ ತುಂಬಿಕೊಂಡು ಅವರು ಹೊರಮಾವಿಗೆ, ರಮಣಮ್ಮನ ಮನೆಗೆ ಹೋದರು.

ಗೋಡೆ ಒಡೆಯುವ ದಿನ ಮೇಸ್ತ್ರಿ ನನ್ನನ್ನು ಕರೆದ. "ಗೂಡಲ್ಲಿ ಒಳಕ್ಕೆ ತುರುಕಿತ್ತು ಮೇಡಂ. ನಿಧಿ ಅಂದ್ಕೊಂಡೆ," ಎಂದು ಒಂದು ಸಣ್ಣ ಗಂಟು ಕೊಟ್ಟ. ಜಯತ್ತೆಯ ಕರ್ಚೀಫು. ಒಳಗೆ ಬಿಳಿ ಗಾಜಿನ ಒಂದು ಚೂರು, ಅಂಚಿನಲ್ಲಿ ನೀಲಿ ಗೆರೆ. ಉರಿ ಮುಟ್ಟಿದ ಗುರುತು ಎಲ್ಲೂ ಇರಲಿಲ್ಲ.

ಎರಡನೆಯ ಸಲ ನಾವು ಕೊಟ್ಟದ್ದು ಒಂದೇ ಚೂರಾದರೆ, ಅದು ಇದೇ. ಅಂದರೆ ಅದನ್ನು ಚೆಂಗಮ್ಮ ಬಳಸಲೇ ಇಲ್ಲ. ಜಯತ್ತೆಯ ಕೊರಳಿನಲ್ಲಿರುವುದು ಚೆಂಗಮ್ಮನವರ ಸ್ವಂತ ಬಿಳಿ ಗಾಜು, ಅಜ್ಜಿಯದಲ್ಲ. ಕೊಟ್ಟದ್ದು ಎರಡಾದರೆ, ಒಂದನ್ನು ಬಳಸಿದ್ದಾರೆ, ಇದು ಮಿಕ್ಕಿದ್ದು. ನನ್ನ ನೆನಪಿನಲ್ಲಿ ಜಯತ್ತೆಯ ಅಂಗೈ ಮೇಲೆ ಒಂದೇ ಚೂರು ಇದೆ. ಆದರೆ ಅದು ಮೊದಲನೆಯ ಸಲದ ಅಂಗೈ ಇರಬಹುದು. ಅಮ್ಮನನ್ನು ಕೇಳಿದೆ. "ಎರಡೇ ಇರತ್ತೆ ಕಣೇ. ಮದ್ವೆ ಕೆಲ್ಸಕ್ಕೆ ಒಂಟಿ ಕೊಡ್ತಾರಾ ಯಾರಾದ್ರೂ?" ಅಂದರು. ಅಮ್ಮ ಅವತ್ತು ನಮ್ಮ ಜೊತೆ ಇರಲೇ ಇಲ್ಲ. ದಿನಚರಿಯಲ್ಲಿ, "ಮತ್ತೆ ಚೆಂಗಮ್ಮನ ಹತ್ತಿರ ಹೋಗಿದ್ದೆವು. ನಾಳೆ ಟೆಸ್ಟ್," ಎಂದಿದೆ.

ಚೆಂಗಮ್ಮನವರನ್ನು ಕೊನೆಯ ಸಲ ನೋಡಿದ್ದು ಅದಾಗಿ ಒಂದೆರಡು ವರ್ಷಗಳ ಮೇಲೆ, ಗೌಸ್ ಭಾಯ್ ಅಂಗಡಿಯಲ್ಲಿ. ಒಳಗಿನ ಮೂಲೆಯಲ್ಲಿ ಕೂತು ಮಿಷನ್ ಮಣಿ ಪೋಣಿಸುತ್ತಿದ್ದರು. ಹತ್ತು ತಂತಿಗಳನ್ನು ಬೀಸಣಿಗೆಯ ಹಾಗೆ ಬೆರಳುಗಳ ನಡುವೆ ಹಿಡಿದು, ಮಣಿ ತುಂಬಿದ ಮೊರದೊಳಗೆ ತೂರಿಸಿ ಎತ್ತಿದರೆ ತಂತಿಗಳ ತುಂಬ ಮಣಿ. ಊರಿನಲ್ಲಿ ಹುಡುಗಿಯಾಗಿದ್ದಾಗ ಕಲಿತ ಕೆಲಸ. ನನ್ನನ್ನು ನೋಡಿ ಎರಡೂ ಕೈ ಬಿಡುವಿಲ್ಲದ್ದರಿಂದ ಗದ್ದ ಎತ್ತಿ ಕರೆದರು.

"ಜಯಮ್ಮ ಹೆಂಗವ್ಳೆ?"

"ಚೆನ್ನಾಗಿದಾರೆ ಅಕ್ಕ. ಇಬ್ರು ಮಕ್ಳು."

"ಮಣಿ?"

"ಹಂಗೇ ಇದೆ. ಒಂದು ಗೀರೂ ಬಿದ್ದಿಲ್ಲ."

"ಬೀಳಲ್ಲ," ಅಂದರು.

"ಮಿಷನ್ ಮಣಿ ಪೋಣಿಸ್ತಾರೆ, ಬಂದ ಗಿರಾಕಿಗೆಲ್ಲ ಇದು ಮಿಷನ್ನಿಂದು ಅಂತ ತಾವೇ ಹೇಳ್ತಾರೆ," ಎಂದು ಗೌಸ್ ಭಾಯ್ ದೂರಿದರು. "ಏನ್ಮಾಡ್ಲಿ, ಮನೆ ಜನ ಆಗಿಬಿಟ್ರು."

ಚೂರು ನನ್ನ ಮನೆಯಲ್ಲಿತ್ತು. ಅದರ ವಿಷಯ ಬಾಯಿಯವರೆಗೆ ಬಂದಿತ್ತು. ಯಾವ ಬಿಳಿ ಹಾಕಿದಿರಿ ಅಕ್ಕ ಎಂದು ಕೇಳಿದ್ದರೆ ಸಾಕಾಗಿತ್ತು, ಅವರು ನಿಜವನ್ನೇ ಹೇಳಿಬಿಡುತ್ತಿದ್ದರು. ಅದಕ್ಕೇ ಕೇಳಲಿಲ್ಲ. ಅವರು ಅಜ್ಜಿಯ ಗಾಜನ್ನು ಹಾಕಿರಲಿ ಎಂದು ನನಗೆ ಆಸೆಯಿತ್ತೋ, ಮಣಿಯ ವಿಷಯದಲ್ಲಿ ಜೀವನದಲ್ಲಿ ಒಂದೇ ಒಂದು ಸಲ ಸುಳ್ಳು ಹೇಳಿರಲಿ, ಅದೂ ನಮಗಾಗಿ ಹೇಳಿರಲಿ ಎಂದು ಆಸೆಯಿತ್ತೋ, ಈಗಲೂ ನಿಶ್ಚಯವಿಲ್ಲ. "ಬರ್ತೀನಿ ಅಕ್ಕ," ಅಂದೆ. "ಮೆಲ್ಲಗೆ ಹೋಗು ಪಾಪಾ, ಬಸ್ಸು ಇನ್ನೊಂದು ಬರ್ತದೆ," ಅಂದರು.

ಮುಂದಿನ ವರ್ಷ ಅಂಗಡಿಗೆ ಹೋದಾಗ ಮೂಲೆ ಖಾಲಿಯಿತ್ತು. ಬೇಸಿಗೆಯಲ್ಲಿ ತೀರಿಕೊಂಡರು ಎಂದು ಗೌಸ್ ಭಾಯ್ ಹೇಳಿದರು. ಮೂರು ದಿನದ ಜ್ವರ. ರಮಣಮ್ಮ ಊರಿಗೆ ಕರೆದುಕೊಂಡು ಹೋಗಿ ಅಲ್ಲೇ ಮಣ್ಣು ಮಾಡಿದ್ದರು.

ಚೂರು ಜಯತ್ತೆಗೆ ಸೇರಬೇಕಾದದ್ದು. ಕೊಟ್ಟರೆ ಅದು ಎಲ್ಲಿತ್ತು ಎಂದು ಹೇಳಬೇಕು. ಹೇಳಿದರೆ ಅವರ ಕೊರಳಿನಲ್ಲಿರುವುದು ಏನು ಎಂಬ ಪ್ರಶ್ನೆ ಬರುತ್ತದೆ. ಕೊಡದೆ ಇಟ್ಟುಕೊಂಡರೆ ಅಜ್ಜಿಯದನ್ನು ಎರಡನೆಯ ಸಲ ಅವರಿಂದ ಕಸಿದ ಹಾಗಾಗುತ್ತದೆ. ಎಷ್ಟು ಚೂರು ಕೊಟ್ಟೆವು ಎಂದು ಗೊತ್ತಿರುವವರು ಈಗ ಅವರೊಬ್ಬರೇ. ಕಳೆದ ತಿಂಗಳು ಫೋನಿನಲ್ಲಿ ಬೇರೇನೋ ಮಾತಾಡುತ್ತಿದ್ದವಳು ಕೇಳಿಬಿಟ್ಟೆ.

"ಅತ್ತೆ, ನಿಮ್ಮ ಕಣ್ಣುಮಣಿಗೆ ಅಂತ ಎರಡನೇ ಸಲ ಚೆಂಗಮ್ಮಂಗೆ ಕೊಟ್ವಲ್ಲ, ಒಂದು ಚೂರು ಕೊಟ್ವಾ, ಎರಡು ಕೊಟ್ವಾ?"

ಆ ಕಡೆ ತಿರುಗುತ್ತಿದ್ದ ಮಿಕ್ಸಿ ನಿಂತಿತು.

"ಯಾಕೆ?" ಅಂದರು.

"ಸುಮ್ನೆ. ಅವ್ರ ಬಗ್ಗೆ ಬರೀತಿದೀನಿ."

"ಬರಿ, ಬರಿ. ಒಳ್ಳೇ ಹೆಂಗ್ಸು," ಅಂದರು. "ಒಗ್ಗರಣೆ ಹಾಕ್ಬೇಕು ಕಣೇ ಮಂಜಿ, ಆಮೇಲೆ ಮಾಡ್ತೀನಿ," ಎಂದು ಫೋನ್ ಇಟ್ಟರು.

ಮಾಡಿದರು. ಅವತ್ತೇ ಸಂಜೆ ಮಾಡಿದರು, ಆಮೇಲೂ ನಾಲ್ಕೈದು ಸಲ ಮಾಡಿದ್ದಾರೆ. ಮಗಳ ಪರೀಕ್ಷೆ, ಮಾವನವರ ಮಂಡಿನೋವು, ಕಾವೇರಿ ನೀರಿನ ಪೈಪು, ಎಲ್ಲ ಮಾತಾಡಿದ್ದೇವೆ. ಒಂದೋ ಎರಡೋ ಎನ್ನುವುದನ್ನು ಅವರು ಇನ್ನೂ ಹೇಳಿಲ್ಲ.